ಉರುಸಿನ ಬಸ್ತಾ

ನಮ್ಮ ಮುಹಾಫಿಜ್‌ಖಾನೆಯಲ್ಲಿ ಹೆಸರಿನಿಂದ ಹುಡುಕಿದರೆ ಯಾವ ಮನುಷ್ಯನೂ ಸಿಗುತ್ತಿರಲಿಲ್ಲ. ಬಂದವರಿಗೆ ಇದನ್ನು ತಿಳಿಸಿ ಹೇಳುವುದೇ ನನ್ನ ಅರ್ಧ ದಿನದ ಕೆಲಸವಾಗಿತ್ತು. ಮುಹಾಫಿಜ್‌ಖಾನೆ ಎಂದರೆ ಕೋರ್ಟಿನ ತೀರಿದ ಕಾಗದಗಳನ್ನು ಕಾಯ್ದಿಡುವ ಕೋಣೆ. ಫೌಜದಾರಿ ಮೊಕದ್ದಮೆಯೊಂದು ಮುಗಿದ ಮೇಲೆ ಅದರ ಕಾಗದಗಳನ್ನೆಲ್ಲ ಹೊಲಿದು ಒಂದು ಮಿಸಲು ಮಾಡುತ್ತಾರೆ. ಇಪ್ಪತ್ತು ಮೂವತ್ತು ಮಿಸಲುಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಕಟ್ಟಿದರೆ ಅದು ಒಂದು ಬಸ್ತಾ. ಬಸ್ತಾಗಳನ್ನು ತೀರ್ಪಾದ ತಿಂಗಳಿನ ಪ್ರಕಾರ, ಆ ತಿಂಗಳೊಳಗೆ ಅಪರಾಧ ನಡೆದ ಠಾಣೆಯ ಪ್ರಕಾರ ಹಲಗೆಗಳ ಮೇಲೆ ಜೋಡಿಸಿರುತ್ತಿದ್ದೆವು. ಬಂದವರು ಆರೋಪಿಯ ಹೆಸರು, ತಂದೆಯ ಹೆಸರು, ಊರು, ಓಣಿ, ಯಾರ ಮನೆಯ ಅಳಿಯ ಎಂಬುದನ್ನೆಲ್ಲ ಹೇಳುತ್ತಿದ್ದರು. ನನಗೆ ಬೇಕಾದದ್ದು ಠಾಣೆ ಮತ್ತು ತಿಂಗಳು. ಅವು ಅವರಿಗೆ ಗೊತ್ತಿರುತ್ತಿರಲಿಲ್ಲ.

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯಾಗಿ ಅದು ಎರಡನೆಯ ಚಳಿಗಾಲ. ಕಲಬುರಗಿಯ ಕಚೇರಿಗಳಲ್ಲಿ ಕಾಗದಗಳೆಲ್ಲ ಇನ್ನೂ ಉರ್ದುವಿನಲ್ಲೇ ಇದ್ದವು. ಅವನ್ನು ಬರೆದವರ ಕುರ್ಚಿಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ನಮ್ಮ ಮುಹಾಫಿಜ್ ಸಾಹೇಬರನ್ನು, ವಿಚಾರಣೆ ಮುಗಿಯುವ ತನಕ ಮನೆಯಲ್ಲಿರಿ ಎಂದು ಕಳಿಸಿದ್ದರು. ಯಾವ ವಿಚಾರಣೆ ಎಂದು ಅವರಿಗೂ ಹೇಳಿರಲಿಲ್ಲ, ನಮಗೂ ಹೇಳಿರಲಿಲ್ಲ. ಅವರ ಕೈಕೆಳಗೆ ಹನ್ನೊಂದು ವರ್ಷ ಕಾರಕೂನನಾಗಿದ್ದ ನನ್ನನ್ನು ಅವರ ಕುರ್ಚಿಯ ಮೇಲೆ ಕೂಡಿಸಿದರು. ನಾನು ಶಹಾಬಜಾರದ ಲಿಂಗಾಯತರ ಅಂಗಡಿ ಮನೆಯವನು. ಓದಿದ್ದು ಉರ್ದು ಸಾಲೆಯಲ್ಲಿ. ಹೊಸದಾಗಿ ಬಂದ ಮೇಲಧಿಕಾರಿ ಹೊರ ಪ್ರಾಂತದವರು, ಅವರಿಗೆ ಉರ್ದು ಅಕ್ಷರ ಬರುತ್ತಿರಲಿಲ್ಲ. ಅದಕ್ಕಾಗಿಯೇ ನಾನು ಉಳಿದೆ.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಬರೆಯಬೇಕು. ಕಾರ್ಯಾಚರಣೆ ಮುಗಿದ ಮುಂದಿನ ತಿಂಗಳು, ಕಮಲಾಪುರದ ಚಾವಡಿಯಲ್ಲಿ ಉಳಿದಿದ್ದ ಕೋರ್ಟಿನ ಕಾಗದಗಳನ್ನು ತರಲು ನನಗೆ ಒಂದು ಬಂಡಿ ಕೊಟ್ಟು ಕಳಿಸಿದ್ದರು. ಹೋಗುವಾಗ, ಕಮಲಾಪುರ ಇನ್ನೂ ಎರಡು ಮೈಲಿ ಇರುವಾಗ, ಹಿಂದಿನ ಬೇಸಿಗೆಯಲ್ಲಿ ಭರ್ಜಿ ಬಂದೂಕು ಹಿಡಿದ ಗುಂಪು ಬಂದು ಸುಟ್ಟ ಒಂದು ವಾಡಿ, ಕೆಲವೇ ಮನೆಗಳ ಸಣ್ಣ ಊರು, ಕಂಡಿತು. ಗೋಡೆಗಳು ನಿಂತಿದ್ದವು, ಚಾವಣಿಗಳು ಇರಲಿಲ್ಲ. ಬರುವಾಗ ಬಂಡಿಯವನು ಒಳದಾರಿ ಹಿಡಿದ. ಅಲ್ಲಿ ಒಂದು ಊರಿನ ಮುಸಲ್ಮಾನರ ಓಣಿಯಲ್ಲಿ ಮನೆಗಳಿಗೆಲ್ಲ ಹೊರಗಿನಿಂದ ಚಿಲಕ ಹಾಕಿತ್ತು, ಮತ್ತು ಓಣಿಯ ಬಾವಿಯ ಮೇಲೆ ಹಲಗೆ ಹಾಸಿ ಕಲ್ಲು ಹೇರಿದ್ದರು. ಬಂಡಿಯವನು ಎತ್ತುಗಳಿಗೆ ಅಲ್ಲಿ ನೀರು ಕುಡಿಸದೆ ಮುಂದೆ ಹೊಡೆದ. ನಾನು ಏಕೆ ಎಂದು ಕೇಳಲಿಲ್ಲ. ಎರಡನ್ನೂ ಒಂದೇ ದಿನ, ಅದೇ ಬಂಡಿಯ ಮೇಲೆ ಕುಳಿತು ನೋಡಿದೆ. ಆಮೇಲೆ ಬಹಳ ದಿನ ಕಾಗದ ಬಿಚ್ಚಿ ಓದುವುದು ನನಗೆ ಆಗುತ್ತಿರಲಿಲ್ಲ. ಬಿಚ್ಚದೆ ಮಾಡಬಹುದಾದ ಕೆಲಸವನ್ನು ಬಿಚ್ಚದೆ ಮಾಡಿದೆ.

ಆ ಚಳಿಗಾಲದ ಒಂದು ಸೋಮವಾರ ಒಬ್ಬ ಹೆಂಗಸು ವಕೀಲರೊಬ್ಬರ ಜೊತೆ ನನ್ನ ಮೇಜಿನ ಮುಂದೆ ಬಂದು ನಿಂತಳು. ಕಮಲಾಪುರದ ಪಿಂಜಾರರವಳು. ಅವಳ ಗಂಡ ಅರಳೆ ಹಿಂಜಿ ಗಾದಿ ತುಂಬುವವನು. ಆ ವಾಡಿಯನ್ನು ಸುಟ್ಟವರಲ್ಲಿ ಮುಂದಾಳು ಅವನೇ ಎಂದು ವಿಶೇಷ ಕೋರ್ಟಿನಲ್ಲಿ ಮೊಕದ್ದಮೆ ನಡೆದಿತ್ತು. ಬೆಂಕಿಯಲ್ಲಿ ಜನ ಸತ್ತಿದ್ದರು. ಹೆಸರು ಕೇಳಿಬಂದ ಉಳಿದವರು ಗಡಿ ದಾಟಿ ಹೋಗಿದ್ದರು. ಕೈಗೆ ಸಿಕ್ಕವನು ಇವನೊಬ್ಬ. ಅಪರಾಧ ಸಾಬೀತಾದರೆ ಗಲ್ಲು. ವಕೀಲರ ಹತ್ತಿರ ಇದ್ದ ಉತ್ತರ ಒಂದೇ: ವಾಡಿ ಸುಟ್ಟ ದಿನ ಇವನು ಕಲಬುರಗಿಯ ಜೈಲಿನಲ್ಲಿದ್ದ, ಬೇರೊಂದು ಸಣ್ಣ ಮೊಕದ್ದಮೆಯಲ್ಲಿ ಸಜೆ ಅನುಭವಿಸುತ್ತಿದ್ದ. ಜೈಲಿನವರನ್ನು ಕೇಳಿದ್ದರು. ಆ ತಿಂಗಳುಗಳ ಪುಸ್ತಕ ಸದ್ಯ ತಮ್ಮಲ್ಲಿಲ್ಲ ಎಂದು ಉತ್ತರ ಬಂದಿತ್ತು. ಉಳಿದದ್ದು ಸಜೆ ಕೊಟ್ಟ ಕೋರ್ಟಿನ ಮಿಸಲು ಮಾತ್ರ. ಅದರ ನಕಲು ಕೊಡಲು ಎಂಟು ದಿನದ ಅವಧಿ ಸಿಕ್ಕಿತ್ತು.

ಠಾಣೆ ಯಾವುದು ಎಂದು ಕೇಳಿದೆ. ಕಮಲಾಪುರ ಇರಬೇಕು ಎಂದರು ವಕೀಲರು. ತಿಂಗಳು? ದೀಪಾವಳಿಯ ಹಿಂದೆ ಮುಂದೆ, ಎಂದಳು ಹೆಂಗಸು. ಯಾವ ಗುನ್ಹೆ? ಅವಳು ವಕೀಲರ ಮುಖ ನೋಡಿದಳು. ಏನೋ ಜಗಳ ಇರಬೇಕು ಎಂದು ವಕೀಲರೇ ಹೇಳಿ ದರಖಾಸ್ತಿನ ಕಾಗದದ ಮೇಲೆ ‘ಮಾರಾಮಾರಿ’ ಎಂದು ಬರೆದರು.

ಹುಡುಕುವ ಕ್ರಮ ಹೀಗೆ. ಹೊಸ ಮೊಕದ್ದಮೆಗಳನ್ನು ಬರೆಯುವ ರಿಜಿಸ್ಟರು ಬೇರೆ, ತೀರ್ಪಾದವನ್ನು ಬರೆಯುವ ರಿಜಿಸ್ಟರು ಬೇರೆ. ಮೊದಲನೆಯದರಲ್ಲಿ ನಂಬರು ಹಿಡಿದು ಎರಡನೆಯದರಲ್ಲಿ ತೀರ್ಪಿನ ದಿನ ನೋಡಬೇಕು, ಆ ದಿನದಿಂದ ಬಸ್ತಾಕ್ಕೆ ಹೋಗಬೇಕು. ನಿಜಾಮರ ಕಾಲದ ಲೆಕ್ಕವೆಲ್ಲ ಫಸಲಿ ವರ್ಷದ್ದು. ಆಜರ್ ಎಂಬ ತಿಂಗಳಿನಿಂದ, ಅಂದರೆ ಅಕ್ಟೋಬರ್ ಮೊದಲ ವಾರದಿಂದ ಹೊಸ ವರ್ಷ. ಅದಕ್ಕೆ ಸ್ವಲ್ಪ ಮೊದಲು ದಾಖಲಾಗಿ ಆಮೇಲೆ ತೀರಿದ ಮೊಕದ್ದಮೆ ಎರಡು ವರ್ಷಗಳ ಎರಡು ಪುಸ್ತಕಗಳಲ್ಲಿ ಹರಿದು ಹಂಚಿಹೋಗಿರುತ್ತದೆ. ಹೊಸಬರು ಇಲ್ಲಿಯೇ ತಪ್ಪುತ್ತಾರೆ. ನಾನು ತಪ್ಪಲಿಲ್ಲ. ಮಂಗಳವಾರ, ಬುಧವಾರ ಎರಡು ದಿನ ಎರಡೂ ವರ್ಷದ ಕಮಲಾಪುರ ಠಾಣೆಯ ಸಾಲುಗಳನ್ನು ಬೆರಳಿಟ್ಟು ಓದಿದೆ. ಮಾರಾಮಾರಿ ಇದ್ದವು, ಬೇಲಿ ಕಿತ್ತದ್ದು ಇತ್ತು, ಬಾಳೆಗೊನೆ ಕಡಿದದ್ದು ಇತ್ತು. ಆ ಪಿಂಜಾರ ಇರಲಿಲ್ಲ.

ಬುಧವಾರ ಮಧ್ಯಾಹ್ನ ಸರಕಾರಿ ವಕೀಲರು ಬೇರೆ ಕೆಲಸಕ್ಕೆ ಬಂದವರು ನನ್ನ ಮುಂದೆ ಹರಡಿದ್ದ ಪುಸ್ತಕ ನೋಡಿ ನಕ್ಕರು. ಹಿಡಿದವರನ್ನೆಲ್ಲ ಕೇಳಿ ನೋಡ್ರಿ, ಆ ಬೇಸಿಗೆಯಲ್ಲಿ ಎಲ್ಲರೂ ಜೈಲಿನಲ್ಲೇ ಇದ್ದರಂತೆ, ಎಂದರು. ಮತ್ತೆ ಒಂದು ಸಂಗತಿ ಹೇಳಿದರು. ಕಮಲಾಪುರದ ನಾಲ್ಕು ಜನ ಸಾಕ್ಷಿ ಹೇಳಿದ್ದರು: ಇವನು ಜೈಲಿಗೆ ಹೋದದ್ದನ್ನು ತಾವು ಕೇಳಿಯೇ ಇಲ್ಲ, ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋಗಿದ್ದಾನೆಂದು ಅವನ ಹೆಂಡತಿಯೇ ಊರಿಗೆಲ್ಲ ಹೇಳಿಕೊಂಡಿದ್ದಳು. ಸೊಲ್ಲಾಪುರದಿಂದ ಬಂದು ಹೋಗುವುದು ಏನು ಕಷ್ಟ ಎಂದು ಸರಕಾರಿ ವಕೀಲರು ಕೇಳಿದರು.

ಮರುದಿನ ಅವಳು ಬಂದಾಗ ವಕೀಲರು ಇರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ನಾನು ಹೊರಗೆ ಹೋಗಿ, ಸೊಲ್ಲಾಪುರದ ಮಾತು ಖರೆಯೋ ಸುಳ್ಳೋ ಎಂದು ಕೇಳಿದೆ. ಅವಳು ಪಡಸಾಲೆಯಲ್ಲಿ ಬೇರೆ ಯಾರಿದ್ದಾರೆಂದು ಒಮ್ಮೆ ನೋಡಿದಳು.

“ಹೇಳಿದ್ದು ಖರೇ ರೀ. ಹೋಗಿದ್ದು ಸುಳ್ಳು.”

“ಮತ್ತ ಜಗಳದ್ದು?”

“ಅದೂ ಸುಳ್ಳು. ಉರುಸಿನಾಗ ಕಳವು ಮಾಡಿ ಸಿಕ್ಕಾನ್ರಿ. ಇಲ್ಲೇ ಶಹರದಾಗ, ರೋಜಾ ಓಣಿ ದರ್ಗಾದ ಮುಂದ. ಗಾದಿ ಮಾರಾಕ ಹೋದಾವ ಯಾತ್ರಿಕರ ತಂಬಿಗಿ ತಗೊಂಡಾನ. ಇದನ್ನ ನಮ್ಮ ಊರಾಗ ಹೆಂಗ ಹೇಳ್ಲಿ? ಹರಕಿ ಹೊತ್ತು ಹೋಗೂ ಜಾಗಾ ಅದು. ನನ್ನ ಮಗಳಿಗಿ ಯಾರ್ ಕೇಳ್ತಿದ್ರು ಮುಂದ?” ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನತ್ತ ನೋಡಿದಳು. “ನನ್ನ ಗಂಡ ಕಳ್ಳ ಇದ್ದಾನ ಸಾಹೇಬ್ರ. ಕಳ್ಳ ಅಂತ ಒಂದು ಚೀಟಿ ಬರದು ಕೊಡ್ರಿ. ಖೂನಿ ಮಾಡಾವ ಅಲ್ಲ.”

ಗುನ್ಹೆ ಕಲಬುರಗಿ ಶಹರದ ಠಾಣೆಯದು ಎಂದಾಯಿತು. ಮತ್ತೆ ರಿಜಿಸ್ಟರು ತೆಗೆದೆ. ಆ ವರ್ಷದ ಉರುಸು ಬಿದ್ದದ್ದು ಫಸಲಿ ವರ್ಷ ಮುಗಿಯುವ ಹೊತ್ತಿಗೆ. ಆ ವಾರ ದಾಖಲಾದ ಕಳವಿನ ಮೊಕದ್ದಮೆಗಳಲ್ಲಿ ಒಂದರಲ್ಲೂ ಇವನ ಹೆಸರಿಲ್ಲ, ಕಮಲಾಪುರದವನೆಂಬ ಆರೋಪಿಯೇ ಇಲ್ಲ. ತೀರ್ಪಿನ ಪುಸ್ತಕದಿಂದ ದಿನಗಳನ್ನು ಗುರುತಿಸಿಕೊಂಡು ಬಸ್ತಾ ತೆಗೆಯಲು ಹೋದರೆ ಆ ಉರುಸಿನ ಮಿಸಲುಗಳು ತಮ್ಮ ತಿಂಗಳ ಬಸ್ತಾದಲ್ಲಿ ಇರಲೇ ಇಲ್ಲ. ಒಂದಲ್ಲ, ಎಲ್ಲವೂ ಇರಲಿಲ್ಲ. ಹನ್ನೊಂದು ವರ್ಷ ಆ ಕೋಣೆಯಲ್ಲಿದ್ದೆ, ಆದರೆ ಬಸ್ತಾ ಕಟ್ಟುವುದು ಸಾಹೇಬರ ಕೈಯ ಕೆಲಸವಾಗಿತ್ತು, ನಾನು ರಿಜಿಸ್ಟರಿನವನು.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯುವುದನ್ನು ಕಾದು ಸಾಹೇಬರ ಮನೆಗೆ ಹೋದೆ. ರೋಜಾದಲ್ಲಿ, ಹೂವಿನ ಅಂಗಡಿಗಳ ಹಿಂದಿನ ಓಣಿ. ಅವರು ಮನೆಗೆ ಕಳಿಸಲ್ಪಟ್ಟು ವರ್ಷವಾಗಿತ್ತು. ನಾನು ಒಮ್ಮೆಯೂ ಹೋಗಿರಲಿಲ್ಲ. ಕಟ್ಟೆಯ ಮೇಲೆ ಅಂಟಿನ ಬಟ್ಟಲು, ಸೂಜಿ, ದಾರ ಇಟ್ಟುಕೊಂಡು ಹರಿದ ಕಿತಾಬುಗಳಿಗೆ ರಟ್ಟು ಕಟ್ಟುತ್ತಿದ್ದರು.

“ಬರ್ರಿ, ಮುಹಾಫಿಜ್ ಸಾಹೇಬ್ರ,” ಎಂದರು ನನಗೆ. “ಕೂಡ್ರಿ. ಇಲ್ಲಿ ಖುರ್ಚಿ ಇಲ್ಲ. ಇದ್ದ ಒಂದನ್ನ ನೀವ್ ಒಯ್ದೀರಿ.”

ನಾನು ನೆಲದ ಮೇಲೆ ಕುಳಿತೆ. ಬೇಸರಪಟ್ಟುಕೊಂಡು ಹೇಳಿದ ಮಾತಲ್ಲ ಅದು, ನಗುತ್ತಲೇ ಹೇಳಿದ್ದರು. ಆಮೇಲೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವರು ದಾರಕ್ಕೆ ಮೇಣ ತಿಕ್ಕುತ್ತ ಕೇಳಿದರು.

“ಉರುಸಿನಾಗ ಸಿಕ್ಕ ಕಳ್ಳ ಖರೇ ಹೆಸರು ಹೇಳಂಗಿಲ್ಲ ಬೇಟಾ. ಮುಂದಿನ ವರ್ಷ ಮತ್ತ ಅದೇ ದರ್ಗಾಕ್ಕ ಬರಬೇಕಲ್ಲ ಅವ, ಯಾವ ಮುಖ ಹೊತ್ತು ಬರಬೇಕು? ಹೆಸರು ಬಿಡ್ರಿ, ಹುಲಿಯಾ ನೋಡ್ರಿ. ಬಾಯಿ ಸುಳ್ಳು ಹೇಳ್ತದ, ಮೈ ಹೇಳಂಗಿಲ್ಲ.”

ಹುಲಿಯಾ ಎಂದರೆ ಆರೋಪಿಯ ಎತ್ತರ, ಬಣ್ಣ, ಮಚ್ಚೆ, ಗಾಯದ ಗುರುತು ಬರೆದ ಹಾಳೆ. ಅದು ರಿಜಿಸ್ಟರಿನಲ್ಲಿ ಇರುವುದಿಲ್ಲ, ಮಿಸಲಿನ ಒಳಗಿರುತ್ತದೆ. ಅದರ ಹಿಂದೆ ಜೈಲಿಗೆ ಕಳಿಸಿದ ವಾರಂಟಿನ ಜೋಡಿ ಪ್ರತಿ ಇರುತ್ತದೆ, ಅದರ ಮೇಲೆ ಅಪರಾಧಿಯ ಹೆಬ್ಬೆಟ್ಟು. ಆದರೆ ಮಿಸಲೇ ಇಲ್ಲವಲ್ಲ ಎಂದೆ.

“ಅದ. ಉರುಸಿನ ಬಸ್ತಾದಾಗ ಅದ,” ಎಂದರು. “ಮೂಲ್ಯಾಗ, ಹಸಿರು ನವಾರು ಕಟ್ಟಿದ್ದು. ದೂರದಿಂದ ಬಂದ ಯಾತ್ರಿಕರು ತಮ್ಮ ಸಾಮಾನು ಕೇಳಾಕ ಮುಂದಿನ ಉರುಸಿಗೇ ಬರ್ತಾರ. ಅವರಿಗಿ ನಿಮ್ಮ ಆಜರ್ ದೈ ತಿಂಗಳು ಏನ್ ಗೊತ್ತು? ಅದಕ್ಕ ಉರುಸಿನವೆಲ್ಲಾ ಒಂದರಾಗ ಕಟ್ಟಿಟ್ಟೀನಿ. ವರ್ಷಾ ವರ್ಷಾ ಅದರಾಗೇ ಸೇರಸ್ತಾ ಬಂದೀನಿ.”

ಹಸಿರು ನವಾರು ಎಂದಾಗ ನನಗೆ ನೆನಪಾಯಿತು. ಎರಡು ತಿಂಗಳ ಹಿಂದೆ ಮೇಲಧಿಕಾರಿ ಕೋಣೆ ಖಾಲಿ ಮಾಡಲು ಹೇಳಿದ್ದರು. ಅವಧಿ ಮೀರಿದ ಸಣ್ಣ ಮೊಕದ್ದಮೆಗಳ ತಲಫ್ ಪಟ್ಟಿ, ಅಂದರೆ ನಾಶ ಮಾಡಬೇಕಾದವುಗಳ ಪಟ್ಟಿ, ಮಾಡಿದವನು ನಾನು. ಆ ಬಸ್ತಾದ ಮೇಲಿನ ಚೀಟಿಯಲ್ಲಿ ಹತ್ತು ವರ್ಷದ ಹಿಂದಿನ ಫಸಲಿ ವರ್ಷ ಇತ್ತು. ಅದು ಸಾಹೇಬರು ಆ ಬಸ್ತಾ ಕಟ್ಟಲು ಆರಂಭಿಸಿದ ವರ್ಷ. ನಾನು ಚೀಟಿ ನೋಡಿ ಪಟ್ಟಿಯಲ್ಲಿ ಬರೆದೆ. ಪಟ್ಟಿಯ ಕೊನೆಗೆ ‘ಪ್ರತಿಯೊಂದನ್ನೂ ಬಿಚ್ಚಿ ನೋಡಲಾಗಿದೆ’ ಎಂಬ ಸಾಲು, ಅದರ ಕೆಳಗೆ ನನ್ನ ಸಹಿ.

ಇದನ್ನು ಸಾಹೇಬರಿಗೆ ಹೇಳಿದೆ. ಅವರು ದಾರ ಕೆಳಗಿಟ್ಟರು.

“ಬಿಚ್ಚಿ ನೋಡಿದ್ರಿ?”

“ಇಲ್ರಿ.”

ಅವರು ಮತ್ತೆ ದಾರ ತೆಗೆದುಕೊಂಡು ಸೂಜಿಗೆ ಪೋಣಿಸತೊಡಗಿದರು. ಎರಡು ಸಲ ತಪ್ಪಿತು. ನಾನು ಎದ್ದು ಬಂದೆ.

ತಲಫ್ ಆಗಬೇಕಾದ ಬಸ್ತಾಗಳನ್ನು ಕೋರ್ಟಿನ ಹಿಂದಿನ ಹಳೆಯ ಕುದುರೆ ಲಾಯದಲ್ಲಿ ಹಾಕಿದ್ದರು. ಒಂದು ಬಂಡಿಯಷ್ಟನ್ನು ಅದಾಗಲೇ ಹಿತ್ತಲಿನ ತಗ್ಗಿನಲ್ಲಿ ಸುಟ್ಟಿದ್ದರು. ಅದರಲ್ಲಿ ಯಾವ್ಯಾವ ಬಸ್ತಾ ಹೋದವು ಎಂಬ ಗುರುತು ಯಾರೂ ಇಟ್ಟಿರಲಿಲ್ಲ. ಉಳಿದದ್ದು ಗೋಡೆಗೆ ಒಟ್ಟಿದ ರಾಶಿ. ಬಸ್ತಾದ ಬಟ್ಟೆಯನ್ನೂ ನವಾರನ್ನೂ ಮತ್ತೆ ಬಳಸಲೆಂದು ಜವಾನರು ಬಿಚ್ಚಿಕೊಂಡಿದ್ದರು. ಹಾಗಾಗಿ ಹಸಿರು ಎಂಬ ಗುರುತಿನಿಂದ ಉಪಯೋಗವಿರಲಿಲ್ಲ. ಬಿಡಿ ಮಿಸಲುಗಳು, ಗೆದ್ದಲು, ಕೆಳಗಿನ ಪದರಕ್ಕೆ ಮಳೆಗಾಲದ ತೇವ.

ಲಾಯಕ್ಕೆ ಹೋಗುವ ಮೊದಲು ಹೆಂಗಸನ್ನು ಕರೆದು, ನಿನ್ನ ಗಂಡನ ಮೈಮೇಲೆ ಏನಾದರೂ ಗುರುತು ಇದೆಯೇ ಎಂದು ಕೇಳಿದೆ.

“ಎಡಗೈ ಹೆಬ್ಬಟ್ಟು ಇಲ್ರಿ. ಸಣ್ಣಾವ ಇದ್ದಾಗ ಕಬ್ಬಿನ ಗಾಣದಾಗ ಕೊಟ್ಟಾನ,” ಎಂದಳು, ಇದನ್ನು ಮೊದಲೇ ಯಾಕೆ ಕೇಳಲಿಲ್ಲ ಎಂಬಂತೆ.

ಗಂಡಸರ ಎಡಗೈ ಹೆಬ್ಬೆಟ್ಟು ಒತ್ತಿಸುವುದು ಎಲ್ಲ ಕಚೇರಿಗಳ ರೂಢಿ. ಎಡಗೈಯದು ಇಲ್ಲದಿದ್ದರೆ ಬಲಗೈಯದನ್ನು ಒತ್ತಿಸಿ, ಏಕೆ ಹಾಗೆ ಎಂದು ಪಕ್ಕದಲ್ಲಿ ಬರೆಯಲೇಬೇಕು. ಹಾಗಾದರೆ ನಾನು ಹೆಸರು ಓದಬೇಕಾಗಿಲ್ಲ, ತೀರ್ಪು ಓದಬೇಕಾಗಿಲ್ಲ. ಪ್ರತಿ ಮಿಸಲಿನ ಕೊನೆಯ ಹಾಳೆ ತಿರುಗಿಸಿ ಹೆಬ್ಬೆಟ್ಟಿನ ಪಕ್ಕದಲ್ಲಿ ಬರಹ ಇದೆಯೇ ಎಂದಷ್ಟೇ ನೋಡಿದರಾಯಿತು. ಶನಿವಾರ ಬೆಳಿಗ್ಗೆ ಆರಂಭಿಸಿದೆ. ಶನಿವಾರ ಸಿಗಲಿಲ್ಲ. ಭಾನುವಾರ ಅಪ್ಪಣೆ ಕೇಳಿ ಬೀಗ ತೆಗೆಸಿದೆ. ಎಷ್ಟೋ ಹೆಬ್ಬೆಟ್ಟುಗಳನ್ನು ನೋಡಿದೆ. ಕೆಲವು ಒತ್ತಿ ಹಿಡಿದದ್ದಕ್ಕೆ ಕಪ್ಪಾಗಿದ್ದವು, ಕೆಲವು ಜಾರಿದ್ದವು. ಭಾನುವಾರ ಊಟದ ಹೊತ್ತು ಮೀರಿದ ಮೇಲೆ ಸಿಕ್ಕಿತು. ಐದು ಹಾಳೆಗಳ ಮಿಸಲು, ಅಂಚು ಗೆದ್ದಲು ತಿಂದಿತ್ತು. ಎರಡು ತಾಮ್ರದ ತಂಬಿಗೆ, ಒಂದು ಕಂಬಳಿ. ಯಾತ್ರಿಕರ ಸಾಮಾನು ಎಂಬುದನ್ನು ಒತ್ತಿ ಬರೆದು ಹತ್ತು ತಿಂಗಳ ಕಠಿಣ ಸಜೆ ಕೊಟ್ಟಿದ್ದರು. ವಾರಂಟಿನ ಜೋಡಿ ಪ್ರತಿಯ ಮೇಲೆ ಅಪರಾಧಿ ಬಂದು ಮುಟ್ಟಿದ್ದಾನೆ ಎಂಬ ಜೈಲಿನ ಮೊಹರು. ಹೆಬ್ಬೆಟ್ಟಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: ಎಡಗೈ ಹೆಬ್ಬೆರಳು ಬುಡದಿಂದ ಇಲ್ಲ, ಬಲಗೈಯದು ಪಡೆಯಲಾಗಿದೆ. ಲೆಕ್ಕ ಹಾಕಿದೆ. ವಾಡಿ ಸುಟ್ಟ ದಿನ ಆ ಸಜೆಯ ನಡುವೆ ಬೀಳುತ್ತಿತ್ತು.

ಹೆಸರು ಬೇರೆ ಇತ್ತು, ಊರೂ ಬೇರೆ. ಸೋಮವಾರ ಬೆಳಿಗ್ಗೆ ಅದನ್ನು ಹೆಂಗಸಿಗೆ ಓದಿ ಹೇಳಿದೆ.

“ಅದು ನಮ್ಮ ಅಣ್ಣನ ಹೆಸರು ರೀ. ನನ್ನ ತವರೂರು. ಅವ ತೀರಿಕೊಂಡಿದ್ದ ಅಷ್ಟೊತ್ತಿಗೆ.” ಮತ್ತೆ ಹೇಳಿದಳು: “ಸತ್ತಾವರಿಗಿ ನಾಚಿಕಿ ಇರಂಗಿಲ್ಲ ಅಂತ ತಿಳಿದಿರಬೇಕು.”

ವಕೀಲರಿಗೆ ಬಹಳ ಸಂತೋಷವಾಯಿತು, ಆದರೆ ಅದು ಹತ್ತು ನಿಮಿಷದ ಸಂತೋಷ. ಮಿಸಲು ಸಿಕ್ಕಿತ್ತು ನಿಜ. ಕೋರ್ಟಿನ ಲೆಕ್ಕದಲ್ಲಿ ಅದು ಇರಲಿಲ್ಲ. ತಲಫ್ ಪಟ್ಟಿಯಲ್ಲಿ ಹೋದ ಕಾಗದಕ್ಕೆ ನಕಲು ಕೊಡುವ ಅಧಿಕಾರ ನನಗಿಲ್ಲ. ವಕೀಲರು ನನ್ನನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು: ಪಟ್ಟಿ ಉರ್ದುವಿನಲ್ಲಿದೆ, ಮೇಲಧಿಕಾರಿಗೆ ಉರ್ದು ಬರುವುದಿಲ್ಲ, ಆ ಒಂದು ಸಾಲು ಕೆರೆದು ತೆಗೆದು ಮಿಸಲನ್ನು ಹಲಗೆಯ ಮೇಲೆ ಇಟ್ಟುಬಿಡಿ. ಅವರು ಕೆಟ್ಟವರಲ್ಲ. ಮರುದಿನವೇ ಗಡುವು. ಒಂದು ಜೀವ ಉಳಿಸಲು ಒಂದು ಸಾಲು ಕೆರೆಯುವುದು ಏನು ಮಹಾ ಎಂದು ನನಗೂ ಅನ್ನಿಸಿತು. ಒಳಗೆ ಹೋಗಿ ಪಟ್ಟಿ ತೆಗೆದು ಚಾಕು ಕೈಯಲ್ಲಿ ಹಿಡಿದೆ. ಆ ಕಾಲದಲ್ಲಿ ಬರೆದ ತಪ್ಪನ್ನು ಚಾಕುವಿನ ತುದಿಯಿಂದಲೇ ಕೆರೆಯುತ್ತಿದ್ದೆವು.

ಕೆರೆದರೆ ಕಾಗದ ತೆಳುವಾಗುತ್ತದೆ. ಬೆಳಕಿಗೆ ಹಿಡಿದವರಿಗೆ ಕಾಣುತ್ತದೆ. ಸರಕಾರಿ ವಕೀಲರು ಬೆಳಕಿಗೆ ಹಿಡಿಯುವವರೇ. ಆಗ ಪಟ್ಟಿಯಂತೆ ಮಿಸಲೂ ಸುಳ್ಳಾಗುತ್ತದೆ, ಹೆಬ್ಬೆಟ್ಟೂ ಸುಳ್ಳಾಗುತ್ತದೆ, ಆ ಮನುಷ್ಯ ಸಾಯುತ್ತಾನೆ. ಇದು ನಾನು ವಿಚಾರ ಮಾಡಿದ ಕ್ರಮ. ಇದರಲ್ಲಿ ನನ್ನ ಧರ್ಮಬುದ್ಧಿ ಎಷ್ಟು, ಹೆದರಿಕೆ ಎಷ್ಟು ಎಂದು ಇವತ್ತಿಗೂ ಬೇರೆ ಮಾಡಿ ಹೇಳಲಾರೆ. ಚಾಕು ಮಡಚಿಟ್ಟು ಒಂದು ವರದಿ ಬರೆದೆ. ಪಟ್ಟಿಯ ಮೇಲಿನ ನನ್ನ ಸಹಿ ಸುಳ್ಳು ಹೇಳಿಕೆಯ ಮೇಲಿನ ಸಹಿ, ಒಂದು ಬಸ್ತಾವನ್ನೂ ಬಿಚ್ಚಿ ನೋಡಿಲ್ಲ, ಈ ಮಿಸಲು ಲಾಯದ ರಾಶಿಯಲ್ಲಿ ಸಿಕ್ಕಿತು, ಉಳಿದದ್ದನ್ನು ಸುಡಬಾರದು, ಸುಟ್ಟದ್ದರಲ್ಲಿ ಏನಿತ್ತು ಎಂದು ನನಗೆ ಗೊತ್ತಿಲ್ಲ. ಮೇಲಧಿಕಾರಿಗೆ ಅದನ್ನು ಹಿಂದಿಯಲ್ಲಿ ಓದಿ ಹೇಳಿದೆ. ಅವರು ವರದಿ, ಪಟ್ಟಿ, ಮಿಸಲು ಮೂರನ್ನೂ ಒಂದರ ಮೇಲೊಂದು ಜೋಡಿಸಿದರು. ಆಮೇಲೆ, ನಾಳೆ ಈ ವರದಿಯನ್ನೂ ಪಟ್ಟಿಯನ್ನೂ ಮಿಸಲನ್ನೂ ತೆಗೆದುಕೊಂಡು ನೀವೇ ಸಾಕ್ಷಿ ಕಟ್ಟೆ ಹತ್ತಿ ಎಂದರು. ಲಾಯಕ್ಕೆ ಬೀಗ ಹಾಕಿಸಿದರು.

ಮಂಗಳವಾರ ವಿಶೇಷ ಕೋರ್ಟು ತುಂಬಿತ್ತು. ಕಮಲಾಪುರದವರು ಬಂದಿದ್ದರು, ಸುಟ್ಟ ವಾಡಿಯವರು ಬಂದಿದ್ದರು. ಪಿಂಜಾರ ಕಟಕಟೆಯಲ್ಲಿ ನಿಂತಿದ್ದ. ನಾನು ಅವನನ್ನು ನೋಡಿದ್ದು ಅದೇ ಮೊದಲು; ಸಣ್ಣ ಆಳು, ಎಡಗೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡಿದ್ದ. ಮಿಸಲನ್ನು ನಾನು ಗಟ್ಟಿಯಾಗಿ ಓದಬೇಕಾಯಿತು. ತಂಬಿಗೆ, ಕಂಬಳಿ, ದರ್ಗಾದ ಮುಂದೆ ಎಂಬ ಮಾತುಗಳನ್ನು ಓದುವಾಗ ಹಿಂದಿನ ಬೆಂಚುಗಳಲ್ಲಿ ಕಮಲಾಪುರದವರು ಒಬ್ಬರ ಮುಖ ಒಬ್ಬರು ನೋಡಿದರು. ಅವನ ಹೆಂಡತಿ ತಲೆ ಎತ್ತಿಯೇ ಕುಳಿತಿದ್ದಳು.

ಸರಕಾರಿ ವಕೀಲರು ಎದ್ದರು. “ಈ ಕಾಗದ ನಾಶ ಮಾಡ್ರಿ ಅಂತ ಸಹಿ ಮಾಡಿದವರು ನೀವು. ಈ ಕಾಗದ ಇಲ್ಲಿ ಅದ ನೋಡ್ರಿ ಅಂತ ಸಹಿ ಮಾಡಿದವರೂ ನೀವು. ಕೋರ್ಟು ನಿಮ್ಮ ಯಾವ ಸಹಿ ನಂಬಬೇಕು?”

“ಎರಡೂ ನನ್ನವೇ ರೀ,” ಎಂದೆ. “ಅದು ನೋಡದೇ ಹಾಕಿದ್ದು. ಇದು ನೋಡಿ ಹಾಕಿದ್ದು.”

ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಅಲ್ಲಿಯೇ ಶಾಯಿಯ ಗಾದಿ ತರಿಸಿ ಪಿಂಜಾರನ ಬಲಗೈ ಹೆಬ್ಬೆಟ್ಟು ಒತ್ತಿಸಿದರು. ಹಳೆಯದೂ ಹೊಸದೂ ಮೊಹರು ಹಾಕಿದ ಲಕೋಟೆಯಲ್ಲಿ ಹೈದರಾಬಾದಿನ ಪರಿಣತರಿಗೆ ಹೋದವು. ಉತ್ತರ ಬರಲು ಒಂದು ತಿಂಗಳು ಹಿಡಿಯಿತು. ಎರಡೂ ಒಂದೇ ಬೆರಳಿನವು ಎಂದು ಬಂತು. ಪಿಂಜಾರನನ್ನು ಬಿಟ್ಟರು. ಹಳೆಯ ಕಳವಿನ ಸಜೆಯಲ್ಲಿ ಸೈನ್ಯ ಬಂದ ವಾರದ ಗದ್ದಲದಲ್ಲಿ ಅವನು ಜೈಲಿನಿಂದ ಹೊರಬಂದಾಗ ಕೆಲವು ದಿನ ಬಾಕಿ ಉಳಿದಿದ್ದವು. ಈ ಬಂಧನದಲ್ಲಿ ಅವೂ ಮುಗಿದವೆಂದು ತೀರ್ಪಿನ ಕೊನೆಯಲ್ಲಿ ಬರೆದಿದ್ದರು. ನನಗೆ ಬಡ್ತಿ ತಡೆಯುವ ಹುಕುಂ ಬಂತು. ಅದು ನ್ಯಾಯವೇ.

ತೀರ್ಪಿನ ದಿನ ಮಧ್ಯಾಹ್ನ, ಗಂಡ ಹೆಂಡಿರು ಕಮಲಾಪುರದ ಮೋಟಾರು ಹಿಡಿಯಲು ಹೋದ ಮೇಲೆ, ಸುಟ್ಟ ವಾಡಿಯ ಒಬ್ಬ ಮುದುಕ ನಮ್ಮ ಕೋಣೆಯ ಹೊಸ್ತಿಲ ಹೊರಗೆ ಬಂದು ನಿಂತ. ಕೂಲಿ ಮಾಡುವವನು. ಗುಂಪಿನವರು ಮುಖಕ್ಕೆ ಬಟ್ಟೆ ಕಟ್ಟಿದ್ದರು, ಧ್ವನಿಯಿಂದ ಪಿಂಜಾರನನ್ನು ಗುರುತು ಹಿಡಿದೆ ಎಂದು ಸಾಕ್ಷಿ ಹೇಳಿದ್ದವನು ಇವನೇ. ಇವನ ಮಗ ಆ ಬೆಂಕಿಯಲ್ಲಿ ಹೋಗಿದ್ದ.

“ಇವ ಅಲ್ಲಂದ್ರ ಮತ್ತ ಯಾರ್ ಇದ್ರು?” ಎಂದ. ಸಿಟ್ಟಿನಿಂದ ಕೇಳಲಿಲ್ಲ. “ಇವಂದು ಹುಡುಕಿ ತಗದ್ರಿ. ಅವರ್ದೂ ನಿಮ್ಮ ಗಂಟಿನ್ಯಾಗ ಹುಡುಕ್ರಿ.”

ಒಳಗೆ ಬನ್ನಿ ಎಂದೆ. ಬರಲು ಅನುಮಾನಿಸಿದ, ನಾನು ಎರಡನೆಯ ಸಲ ಕರೆದ ಮೇಲೆ ಬಂದ. ಕಮಲಾಪುರ ಠಾಣೆಯ ಆ ಬೇಸಿಗೆಯ ರಿಜಿಸ್ಟರು ತೆಗೆದು ಆ ದಿನದ ಹಾಳೆ ಬಿಡಿಸಿದೆ. ಓದ್ರಿ ಎಂದ. ಓದಿದೆ. ವಾಡಿ ಸುಡುವ ಎರಡು ದಿನ ಮೊದಲು, ಎಮ್ಮೆ ಹೊಲಕ್ಕೆ ನುಗ್ಗಿದ ಫಿರ್ಯಾದು. ಅದಾದ ಮೂರು ದಿನಕ್ಕೆ, ಅಣ್ಣತಮ್ಮಂದಿರ ಬಡಿದಾಟ.

“ನಮ್ದು?”

“ಬರ್ದಿಲ್ಲ.”

“ಎಲ್ಲಿ ಬರೀಬೇಕಿತ್ತು?”

ಎಮ್ಮೆಯ ಸಾಲಿಗೂ ಬಡಿದಾಟದ ಸಾಲಿಗೂ ನಡುವೆ ತೋರಿಸಿದೆ. ಅಲ್ಲಿ ಜಾಗ ಇರಲಿಲ್ಲ. ಬರೆದವನು ಒತ್ತೊತ್ತಾಗಿ ಬರೆದಿದ್ದ. ಮುದುಕ ಓದು ಬರದವನು. ಬಾಗಿ ಆ ಎರಡು ಸಾಲುಗಳ ನಡುವೆ ಬೆರಳು ಇಟ್ಟು ಹಾಗೆಯೇ ನಿಂತ. ಆಮೇಲೆ, ನಾನು ಹೇಳುತ್ತೇನೆ, ಇಲ್ಲಿಯೇ ಬರೀರಿ ಎಂದ.

ಹಳೆಯ ಪುಸ್ತಕದಲ್ಲಿ ಈಗ ಬರೆಯಲು ಬರುವುದಿಲ್ಲ ಎಂದು ಹೇಳಿದೆ. ಅವನಿಗೆ ಅದು ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ. ಬೆರಳು ತೆಗೆಯಲಿಲ್ಲ. ಅದು ನನ್ನ ಕೆಲಸವೂ ಆಗಿರಲಿಲ್ಲ. ಫಿರ್ಯಾದು ಬರೆದುಕೊಳ್ಳುವುದು ಠಾಣೆಯ ಕೆಲಸ. ನಾನು ಒಂದು ಹೊಸ ಹಾಳೆ ತೆಗೆದು, ಅಂಚು ಮಡಚಿ, ದೌತಿ ಹತ್ತಿರ ಎಳೆದುಕೊಂಡೆ. ಜವಾನನಿಗೆ ಹೇಳಿ ಒಂದು ಕುರ್ಚಿ ತರಿಸಿದೆ. ಮುದುಕ ಕುರ್ಚಿಯನ್ನು ನೋಡಿ, ಅದರ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ನಾನೂ ಹಾಳೆ ತೆಗೆದುಕೊಂಡು ಕೆಳಗೆ ಕುಳಿತೆ. ಮೊದಲಿನಿಂದ ಹೇಳಿರಿ ಎಂದೆ.

“ಬರೀರಿ,” ಎಂದ. “ಅವತ್ತ ಗಾಳಿ ಭಾಳ ಇತ್ತು.”